ಬಾರಕೂರಿನ ಜೋಡಿ ಮೀನು

ಯುರೋಪಿನಲ್ಲಿ ಪಟ್ಟಣಗಳಿಗೂ ಸ್ವಂತ ಲಾಂಛನವಿದೆ. ಜರ್ಮನಿಯ ಬರ್ಲಿನ್ ನಗರದ್ದು ಕರಡಿ. ನಮ್ಮಲ್ಲಿ ಲಾಂಛನವೆಂದರೆ ಹೆಚ್ಚಾಗಿ ರಾಜಮನೆತನದ ಗುರುತು. ಚಾಲುಕ್ಯರಿಗೆ ವರಾಹ, ಹೊಯ್ಸಳರಿಗೆ ಮೃಗದೊಡನೆ ಹೋರಾಡುವ ಸಳ. ಬ್ರಹ್ಮಾವರ ತಾಲೂಕಿನ ಬಾರಕೂರಿನಿಂದ ಆಳಿದ ಆಳುಪರಿಗೆ ಜೋಡಿ ಮೀನು.

ಆಳುಪರು ಕರಾವಳಿಯ ಅತಿ ಹಳೆಯ ಅರಸರು. ಕನ್ನಡದ ಮೊದಮೊದಲ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನದಲ್ಲೇ ಅವರ ಹೆಸರಿದೆ. ಮಂಗಳೂರು, ಉದ್ಯಾವರಗಳ ಬಳಿಕ ಅವರ ರಾಜಧಾನಿಯಾದದ್ದು ಬಾರಕೂರು. 8ನೆಯ ಶತಮಾನದ ಬೆಳ್ಮಣ್ಣು ತಾಮ್ರಪಟದ ಮೇಲೂ ಈ ಜೋಡಿ ಮೀನಿದೆ. ಅದು ಕನ್ನಡದ ಅತ್ಯಂತ ಹಳೆಯ ತಾಮ್ರಶಾಸನವೆಂದು ಹೆಸರಾಗಿದೆ.

ಕಡಲ ತಡಿಯ ಅರಸರಾದ್ದರಿಂದ ಮೀನು ಎಂದು ನಮಗೆ ಥಟ್ಟನೆ ಅನ್ನಿಸೀತು. ಆದರೆ ಈ ಮೀನು ಬಲೆಯಿಂದ ಬಂದದ್ದಲ್ಲ, ವಂಶದ ಹೆಮ್ಮೆಯಿಂದ ಬಂದದ್ದು. ಆಳುಪರು ತಮ್ಮನ್ನು ಚಂದ್ರವಂಶದ ಪಾಂಡ್ಯರೆಂದು ಹೇಳಿಕೊಂಡರು. ಮಧುರೆಯ ಪಾಂಡ್ಯರ ಲಾಂಛನವೂ ಮೀನೇ. ಆಳುಪರ ಚಿನ್ನದ ನಾಣ್ಯಗಳ ಒಂದು ಮುಖದಲ್ಲಿ ಎರಡು ಮೀನುಗಳಿದ್ದರೆ, ಇನ್ನೊಂದು ಮುಖದಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂದು ಕೆಲವದರಲ್ಲಿ ಕನ್ನಡದಲ್ಲಿ, ಕೆಲವದರಲ್ಲಿ ನಾಗರಿಯಲ್ಲಿ ಬರೆದಿದೆ. ಓದು ಬಾರದವನಿಗೂ ಮೀನು ಕಂಡರೆ ಸಾಕು, ಇದು ಅರಮನೆಯ ನಾಣ್ಯವೆಂದು ತಿಳಿಯುತ್ತಿತ್ತು. ದಾನ ಕೊಟ್ಟ ಮಾತಿಗೆ, ತೂಗಿದ ಚಿನ್ನಕ್ಕೆ ಆ ಗುರುತೇ ಭರವಸೆ.

14ನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಬಾರಕೂರಿನಿಂದ ಆಳಿದಳು. ಮುಂದೆ ವಿಜಯನಗರದ ಕಾಲದಲ್ಲಿ ಇದು ಬಾರಕೂರು ರಾಜ್ಯವಾಯಿತು. ಮೀನು ಮರೆಯಾಗಿ ವಿಜಯನಗರದ ವರಾಹ ಲಾಂಛನ ಬಂತು. ಇಂದು ನಮ್ಮ ಮಕ್ಕಳ ಪಠ್ಯಪುಸ್ತಕಗಳ ಮೇಲೆ ಇರುವುದು ಕರ್ನಾಟಕ ಸರ್ಕಾರದ ಗಂಡಭೇರುಂಡ. ಅದು ಮೈಸೂರು ಅರಸರಿಂದ ಬಂದದ್ದು.

ರಾಜ್ಯ ಹೋಯಿತು, ಅರಮನೆ ಹೋಯಿತು. ಆಳುಪರನ್ನು ಇಂದು ನಮಗೆ ತಿಳಿಸುವುದು ತಾಮ್ರದ ತಗಡು, ನಾಣ್ಯ, ಬರಹವಿರುವ ಕಲ್ಲು ಇಷ್ಟೇ. ಗದ್ದೆ ಅಗೆಯುವಾಗ ಸಿಕ್ಕಿದ ನಾಣ್ಯ ಅಕ್ಕಸಾಲಿಯ ಕುಲುಮೆ ಸೇರಿದರೆ, ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾದರೆ, ಚರಿತ್ರೆಯ ಒಂದು ಪುಟ ಹರಿದುಹೋದಂತೆ. ಹಾಗೆ ಏನಾದರೂ ಕಂಡರೆ ಅದಕ್ಕೆ ಸುಣ್ಣ, ಬಣ್ಣ ಬಳಿಯದೆ ಶಾಲೆಯ ಅಧ್ಯಾಪಕರಿಗೆ, ತಾಲೂಕು ಕಚೇರಿಗೆ ತಿಳಿಸಬೇಕು. ಐವತ್ತು ವರ್ಷ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ ಈ ಶಾಲೆಯ ಹಳೆ ವಿದ್ಯಾರ್ಥಿಗಳು ಊರಿನ ಹಳೆಯ ಅಕ್ಷರಗಳನ್ನು ಉಳಿಸಿಕೊಟ್ಟರೆ, ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಬೇರೊಂದಿಲ್ಲ.