ಕಠಾರಿ ಹಿಡಿದವನಿಗೆ 500, ಕಳಿಸಿದವನಿಗೆ 48,000

1/6
ಫೋಟೋ: ವಿರೂಪಾಪುರಗಡ್ಡೆ ಕಡೆಯಿಂದ ತುಂಗಭದ್ರೆ. ಆಚೆ ದಂಡೆಗೆ ಕಾಣ್ತಿರೋದು ವಿರೂಪಾಕ್ಷನ ಗೋಪುರ.

ನಿಮ್ಮಲ್ಲಿ ಭಾಳ ಮಂದಿ ಆ ಥರದ ಇಂಗ್ಲಿಷ್ ಥ್ರಿಲ್ಲರ್ ಓದಿರ್ತೀರಿ. ಹದಿನಾರು ಹದಿನೇಳರ ಹುಡುಗ ಅಥವಾ ಹುಡುಗಿ. ಅಪ್ಪ ಅವ್ವ ಇಲ್ಲ. ಯಾವುದೋ ಗುಪ್ತ ಸಂಸ್ಥೆ ತಂದು ಸಾಕಿ, ವಿಷ, ಕತ್ತಿ, ವೇಷ ಎಲ್ಲಾ ಕಲಿಸಿ, "ಹೋಗು, ಇವನನ್ನ ಮುಗಿಸಿ ಬಾ" ಅಂತ ಕಳಿಸ್ತದ. ಸಾರಾ ಜೆ. ಮಾಸ್ ಅವರ 'ಥ್ರೋನ್ ಆಫ್ ಗ್ಲಾಸ್' (2012) ನಾಯಕಿಗೆ 18 ವರ್ಷ. ಅದೇ ವರ್ಷ ಬಂದ ರಾಬಿನ್ ಲಾಫೀವರ್ಸ್ ಅವರ 'ಗ್ರೇವ್ ಮರ್ಸಿ'ಯೊಳಗೆ ಹಂತಕಿಯರನ್ನ ತಯಾರು ಮಾಡೋ ಸನ್ಯಾಸಿನಿಯರ ಮಠನೇ ಐತಿ. ಆ ಕಥೆ ನಡೆಯೋದು 1480ರ ದಶಕದ ಫ್ರಾನ್ಸ್ ಕಡೆಯ ಬ್ರಿಟನಿಯಲ್ಲಿ. ಮಠ ಕಲ್ಪನೆ, ಆದ್ರ ಅದರಲ್ಲಿ ಬರೋ ಎಳೆ ವಯಸ್ಸಿನ ಡಚೆಸ್ ಆ್ಯನ್ ನಿಜ.

ಅದೇ 1480ರ ದಶಕದಲ್ಲಿ ಈ ಹೊಳಿ ಆಚೆಗೂ ಸಿಂಹಾಸನ ಕೈ ಬದಲಾಗ್ತಿತ್ತು. ಸುಮಾರು 1485ರಲ್ಲಿ ಸಾಳುವ ನರಸಿಂಹ ವಿಜಯನಗರವನ್ನ ವಶ ಮಾಡಿಕೊಂಡ. ಹಂಗಾದ್ರ ನಮ್ಮ ಕಡೆ ಇಂಥ ಬಾಲ ಹಂತಕರು ಇದ್ರಾ? ಈ ಸಲ ಅದನ್ನೇ ಹುಡುಕೋಣ ಬರ್ರಿ. ಒಂದೊಂದೇ ಫೋಟೋ ಸರಿಸಿ 👉

2/6
ಫೋಟೋ: ಹಂಪಿಯ ಅರಮನೆ ಆವರಣದ ತಳಪಾಯಗಳು.

ಇಲ್ಲಿ ನಡೆದ ಕೊಲೆ ಸಂಚುಗಳಲ್ಲಿ ಅತ್ಯಂತ ಭಯಾನಕವಾದದ್ದು ಎರಡನೇ ದೇವರಾಯನ ಮೇಲೆ ನಡೆದದ್ದು. ನಮಗೆ ಇದನ್ನ ಹೇಳೋನು ಅಬ್ದುಲ್ ರಜಾಕ್. ಹೆರಾತ್‌ನ ಸುಲ್ತಾನ ಶಾರುಖ್ ಕಳಿಸಿದ್ದ ರಾಯಭಾರಿ, 1443ರಲ್ಲಿ ಈ ನಗರಕ್ಕೆ ಬಂದ. ಸಂಚು ನಡೆದಾಗ ಅವನು ಇನ್ನೂ ಕಲ್ಲಿಕೋಟೆಯಲ್ಲಿದ್ದ.

ರಾಜನ ಸೋದರನೊಬ್ಬ ಹೊಸ ಮನಿ ಕಟ್ಟಿಸಿ, ಗೃಹಪ್ರವೇಶಕ್ಕೆ ದೊಡ್ಡ ದೊಡ್ಡವರನ್ನೆಲ್ಲಾ ಊಟಕ್ಕೆ ಕರೆದ. ನಗಾರಿ, ಕಹಳೆ ಜೋರಾಗಿ ಬಾರಿಸ್ತಿದ್ರು. ಅತಿಥಿಗಳನ್ನ ಒಬ್ಬೊಬ್ಬರಾಗಿ ಒಳಗೆ ಕರ್ಕೊಂಡು ಹೋಗೋದು, ಅಲ್ಲಿ ಅಡಗಿ ಕೂತವರು ಕಡಿದು ಹಾಕೋದು. ವಾದ್ಯದ ಸದ್ದಿನಾಗ ಒಬ್ಬರ ಕೂಗೂ ಹೊರಗೆ ಕೇಳಲಿಲ್ಲ. ಆಮೇಲೆ ಸೋದರ ತಾನೇ ಅರಮನೆಗೆ ಹೋಗಿ ರಾಜನನ್ನ ಕರೆದ. ಮೈ ಸರಿ ಇಲ್ಲ ಅಂತ ರಾಜ ಬರಲಿಲ್ಲ. ಅಲ್ಲೇ ಕಠಾರಿ ತೆಗೆದು ಚುಚ್ಚಿದ. ರಾಜ ಸಿಂಹಾಸನದ ಹಿಂದೆ ಬಿದ್ದ, ಸತ್ತ ಅಂದ್ಕೊಂಡ್ರು. ಆದ್ರ ದೇವರಾಯ ಬದುಕಿದ, 1446ರವರೆಗೂ ಆಳಿದ.

ಈಗ ಒಂದು ಗಮನಿಸಿ. ರಜಾಕ್ ಊಟದ ಮನಿ, ನಗಾರಿ, ಕಠಾರಿ ಎಲ್ಲಾ ಬರೆದಾನ. ಒಳಗೆ ಅಡಗಿ ಕೂತು ಕಡಿದವರು ಯಾರು, ಎಷ್ಟು ವಯಸ್ಸು, ಯಾವ ಊರು? ಒಂದು ಹೆಸರೂ ಇಲ್ಲ.

3/6
ಫೋಟೋ: ಹೊಳಿಯಲ್ಲಿ ಸಂಜೆ.

ಇನ್ನೊಂದು ಕಥೆ ಥೇಟ್ ಸಿನಿಮಾ. ಬಹಮನಿ ಸುಲ್ತಾನ ಫಿರೋಜ್ ಶಾನ ಕಾಲ, 1398ರ ಸುಮಾರು. ಕೃಷ್ಣಾ ನದಿ ತುಂಬಿ ಹರೀತಿದೆ, ಆಚೆ ದಂಡೆಗೆ ವಿಜಯನಗರದ ದಂಡು ಬೀಡು ಬಿಟ್ಟಿದೆ. ಕಾಜಿ ಸಿರಾಜ್ ಅನ್ನೋನು ಗೆಳೆಯರ ಜೊತೆ ಫಕೀರನ ವೇಷದಲ್ಲಿ ದಾಟಿ ಹೋಗಿ, ಬೀಡಿನಲ್ಲಿದ್ದ ನರ್ತಕಿಯರ ಸ್ನೇಹ ಮಾಡ್ಕೊಂಡ. ರಾತ್ರಿ ಹೆಣ್ಣಿನ ವೇಷ ಹಾಕಿ ರಾಜಕುಮಾರನ ಮುಂದೆ ಕಠಾರಿ ಹಿಡಿದು ಕುಣಿದ್ರು. ಕುಣಿತ ಕಳೆಗಟ್ಟಿದಾಗ ಅದೇ ಕಠಾರಿ ರಾಜಕುಮಾರನ ಎದೆಗೆ. ಗದ್ದಲದಲ್ಲಿ ಸುಲ್ತಾನನ ಸೈನ್ಯ ನದಿ ದಾಟಿತು.

ಬರೆದವನು ಫೆರಿಷ್ತಾ, ಸುಮಾರು 200 ವರ್ಷ ಆದ ಮೇಲೆ, ವಿಜಯಪುರದ ಆದಿಲ್‌ಶಾಹಿ ಆಶ್ರಯದಲ್ಲಿ. ಗೆದ್ದ ಕಡೆಯವರ ಕಥೆ, ಸ್ವಲ್ಪ ಉಪ್ಪು ಖಾರ ಇದ್ದೇ ಇರ್ತದ. ಅದರಲ್ಲೂ ಕೊಂದವರು ಮಕ್ಕಳಲ್ಲ. ಸತ್ತವನು ಮಾತ್ರ ಒಬ್ಬ ರಾಜನ ಮಗ.

4/6
ಫೋಟೋ: ತಾಳೆಗರಿ ಕಟ್ಟು.

ಹಂಗಾದ್ರ ಅನಾಥರನ್ನ ತಂದು ತರಬೇತಿ ಕೊಡೋ ವಿಷಯ ಬರೀ ಕಲ್ಪನೆನಾ? ಅಲ್ಲ. ಅದು ವಿಜಯನಗರಕ್ಕಿಂತ ಶತಮಾನಗಳ ಹಿಂದಿನ ಪುಸ್ತಕದಲ್ಲಿ ಐತಿ: ಕೌಟಿಲ್ಯನ ಅರ್ಥಶಾಸ್ತ್ರ. ಆ ಗ್ರಂಥ ಲೋಕಕ್ಕೆ ಮತ್ತೆ ಸಿಕ್ಕಿದ್ದೇ ನಮ್ಮ ಮೈಸೂರಿನಲ್ಲಿ. ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿ ಪ್ರತಿಯನ್ನ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ರು.

ಅದರ ಮೊದಲನೇ ಅಧಿಕರಣದಲ್ಲಿ ಗೂಢಚಾರರ ಆಯ್ಕೆ ಬರ್ತದ. 'ಸತ್ರಿ' ಅಂದ್ರ ಬಂಧು ಬಳಗ ಇಲ್ಲದ, ರಾಜನೇ ಸಾಕಬೇಕಾದವರು. ಅವರಿಗೆ ಅಂಗಲಕ್ಷಣ, ಶಕುನ, ಮಾಯಾವಿದ್ಯೆ, ಜನರ ಜೊತೆ ಬೆರೆಯೋ ವಿದ್ಯೆ ಕಲಿಸಬೇಕು. ಇವರ ಮುಖ್ಯ ಕೆಲಸ ಬೇಹುಗಾರಿಕೆ. ಕೊಲ್ಲೋಕೆ ಬೇರೆಯವರು: 'ತೀಕ್ಷ್ಣ', ದುಡ್ಡಿಗಾಗಿ ಆನೆ, ಕಾಡುಪ್ರಾಣಿ ಜೊತೆ ಸೆಣಸೋ, ಜೀವದ ಹಂಗು ತೊರೆದವರು. ವಿಷ ಹಾಕೋಕೆ 'ರಸದ', ಬಂಧುಗಳ ಮೇಲೂ ಪ್ರೀತಿ ಇಲ್ಲದ ಕ್ರೂರಿಗಳು.

ಆಯ್ಕೆ ಮಾಡೋ ರೀತಿ ನೋಡಿದ್ರಾ? ಜಾಣತನ, ಶಕ್ತಿಗಿಂತ ಮೊದಲು ನೋಡೋದು ಒಂದೇ: ಇವನು ಸತ್ರೆ ಅಳೋರು ಯಾರಾದ್ರೂ ಇದ್ದಾರಾ? ಕಾದಂಬರಿಕಾರರು ನಾಯಕನನ್ನ ಅನಾಥ ಮಾಡೋದು ಕಥೆಗೆ ಅನುಕೂಲ ಅಂತ. ರಾಜ್ಯ ಅನಾಥರನ್ನ ಆರಿಸೋದು ಲೆಕ್ಕಕ್ಕೆ ಅನುಕೂಲ ಅಂತ.

ಲೆಕ್ಕ ಅಂದ್ರ ಬಿಕಾಂನವಳಾದ ನಾನು ಬಿಡ್ತೀನಾ? ಐದನೇ ಅಧಿಕರಣದಲ್ಲಿ ಸಂಬಳದ ಪಟ್ಟಿನೇ ಐತಿ. ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜ: 48,000 ಪಣ. ಸತ್ರಿ, ತೀಕ್ಷ್ಣ, ರಸದ: 500 ಪಣ. ಭಾಗಿಸಿ ನೋಡ್ರಿ, 96 ಪಟ್ಟು. ಜೀವ ಒತ್ತೆ ಇಟ್ಟವನಿಗೆ 1, ಕೂತಲ್ಲೇ ಕೂತು ಕಳಿಸಿದವನಿಗೆ 96.

5/6
ಫೋಟೋ: ಹಂಪಿಯಲ್ಲಿ ಪಾಳು ಗೋಡೆ.

ಈಗ ವಾಪಸ್ ಹೊಳಿ ಆಚೆ ಬರ್ರಿ. ವಿಜಯನಗರದ ದಾಖಲೆಗಳಲ್ಲಿ ಮಕ್ಕಳು ಇದ್ದಾರ. ಆದ್ರ ಕಠಾರಿ ಹಿಡಿಯೋ ತುದಿಯಲ್ಲಲ್ಲ, ಚುಚ್ಚೋ ತುದಿಯಲ್ಲಿ.

🔸 1524: ಕೃಷ್ಣದೇವರಾಯ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ಸ್ವಲ್ಪ ದಿನದಲ್ಲೇ ಮಗು ಸತ್ತಿತು. ವಿಷ ಹಾಕಿದವನು ಮಂತ್ರಿ ತಿಮ್ಮರಸನ ಮಗ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೀತಾನ. ತಿಮ್ಮರಸನ ಕಣ್ಣು ಕೀಳಿಸಲಾಯಿತು.

🔸 1542: ಅಚ್ಯುತರಾಯ ತೀರಿಕೊಂಡ. ಅವನ ಎಳೆ ಮಗ ವೆಂಕಟನನ್ನ ಸೋದರಮಾವ ಸಲಕರಾಜು ತಿರುಮಲನೇ ಮುಗಿಸಿದ.

🔸 1614: ರಾಜಧಾನಿ ವೆಲ್ಲೂರಿಗೆ ಹೋಗಿದ್ದ ಕಾಲ. ಜಗ್ಗರಾಯನ ಸಂಚಿನಲ್ಲಿ ರಾಜ ಶ್ರೀರಂಗನ ಕುಟುಂಬವೇ ನಾಶವಾಯಿತು. ಉಳಿದವನು ಒಬ್ಬ ಮಗ ರಾಮ, ಸುಮಾರು 12 ವರ್ಷ. ಯಾಚಮನಾಯಕ ಹೇಳಿದಂತೆ ಅರಮನೆಯ ಅಗಸನೊಬ್ಬ ಆ ಹುಡುಗನನ್ನ ಬಟ್ಟೆ ಗಂಟಿನ ಜೊತೆ ಹೊರಗೆ ಸಾಗಿಸಿದ. ಮುಂದೆ ಅವನೇ ರಾಜನಾದ.

ನನಗೆ ಈ ಮೂರರಲ್ಲಿ ಮನಸ್ಸಿಗೆ ಹತ್ತಿದ್ದು ಆ ಅಗಸ. ಕೊಲ್ಲೋಕೆ ಗುಟ್ಟಾಗಿ ಒಳಗೆ ಹೋಗೋರ ಬಗ್ಗೆ ನೂರು ಥ್ರಿಲ್ಲರ್ ಐತಿ. ಉಳಿಸೋಕೆ ಗುಟ್ಟಾಗಿ ಹೊರಗೆ ಬಂದವನ ಬಗ್ಗೆ ಒಂದಾದ್ರೂ ಬೇಕಿತ್ತು. ಸಿಕ್ಕಿಬಿದ್ದಿದ್ರೆ ತಲೆ ಹೋಗ್ತಿತ್ತು. ಆದ್ರೂ ಗಂಟು ಹೊತ್ತ.

6/6
ಫೋಟೋ: ದಂಡೆಯಲ್ಲಿ ಬೋರಲು ಹಾಕಿದ ಹರಿಗೋಲು.

ಅದಕ್ಕೇ ಹೇಳ್ತೀನಿ, ಥ್ರಿಲ್ಲರ್ ಓದೋದು ಬಿಡಬ್ಯಾಡ್ರಿ. ನಾನೂ ರಾತ್ರಿ ಎರಡಕ್ಕೆ ಲೈಟ್ ಹಾಕ್ಕೊಂಡು ಓದೋಳೇ. ಆದ್ರ ಹುಡುಗ ಎಷ್ಟು ಚೆಂದ ಕತ್ತಿ ಬೀಸ್ದ ಅನ್ನೋದರ ಜೊತೆ ಮೂರು ಪ್ರಶ್ನೆ ಕೇಳ್ರಿ. ಇವನನ್ನ ಆರಿಸಿದವರು ಯಾರು? ಇವನೇ ಯಾಕೆ? ಲಾಭ ಯಾರ ಖಾತೆಗೆ ಜಮಾ ಆಯ್ತು?

ಇದು ಹಳೇ ರಾಜರ ಕಾಲಕ್ಕೆ ಮುಗಿದ ಮಾತಲ್ಲ. ಮನಿಯಲ್ಲಿ ಕೇಳೋರಿಲ್ಲದ ಹುಡುಗರನ್ನ ಹುಡುಕಿ, ಬೈಕು, ದುಡ್ಡು ತೋರಿಸಿ ಕೈಗೆ ಏನೋ ಕೊಟ್ಟು ಕಳಿಸೋ ದೊಡ್ಡವರು ಈಗಲೂ ಇದ್ದಾರ. 2015ರ ಬಾಲನ್ಯಾಯ ಕಾಯ್ದೆಯ 83ನೇ ಸೆಕ್ಷನ್ ಇಂಥವರಿಗಂತನೇ ಐತಿ. ಮಕ್ಕಳನ್ನ ಕಾನೂನುಬಾಹಿರ ಕೆಲಸಕ್ಕೆ ಬಳಸಿದ ದೊಡ್ಡವರಿಗೆ 7 ವರ್ಷದವರೆಗೆ ಕಠಿಣ ಜೈಲು, 5 ಲಕ್ಷ ರೂಪಾಯಿ ದಂಡ. ಅಂದ್ರ ಕಾನೂನು ಕೊನೆಗೂ ಕಳಿಸಿದವನ ಹೆಸರಿಗೆ ಖರ್ಚು ಬರೆದಿದೆ.

ಈ ಪೋಸ್ಟನ್ನ ಥ್ರಿಲ್ಲರ್ ಹುಚ್ಚಿನ ಒಬ್ಬ ಗೆಳೆಯನಿಗೋ ಗೆಳತಿಗೋ ಕಳಿಸ್ರಿ. ಮುಂದಿನ ವಾರ ಆನೆಗೊಂದಿ ಕೋಟೆ ಬಾಗಿಲ ಹತ್ತಿರ ಸಿಗೋಣ 🙏

#ವಿರೂಪಾಪುರಗಡ್ಡೆ #ಹಂಪಿ #ವಿಜಯನಗರ #ಗಂಗಾವತಿ #ಕೊಪ್ಪಳ #ಇತಿಹಾಸ #ಕನ್ನಡ