ಎರಡು ಭಾಷೆಯ ಒಂದು ಕಾಗದ



ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ. ಹೀಗೆ ಬದುಕುವ ನಮಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಗದವನ್ನು ಬೇರೊಬ್ಬರಿಂದ ಓದಿಸಿ ಕೇಳಿ ಸಹಿ ಹಾಕುವಾಗ, ಓದಿ ಹೇಳುವವನ ಒಂದು ಮಾತು ಆಚೀಚೆಯಾದರೆ ಹೊಲದ ಗತಿಯೂ ಆಚೀಚೆಯಾಗುತ್ತದೆ. ಅಂಥದೇ ಒಂದು ಕಾಗದದ ಕಥೆಯನ್ನು ಇಂದು ಹೇಳುತ್ತೇನೆ. ಅದು ನಡೆದದ್ದು ದೂರದ ನ್ಯೂಜಿಲೆಂಡಿನಲ್ಲಿ.

ಅಷ್ಟು ದೂರದ ಕಥೆ ನಮಗೇಕೆ ಎನ್ನಬೇಡಿ. ಓದಿಗೆಂದು, ಕೆಲಸಕ್ಕೆಂದು ಆ ದೇಶಕ್ಕೆ ಹೋಗುವವರು ನಮ್ಮಲ್ಲೂ ಇದ್ದಾರೆ. ಅಲ್ಲಿಯ ಸಂಬಳ, ಚಳಿ, ಬಾಡಿಗೆ ಎಲ್ಲವನ್ನೂ ವಿಚಾರಿಸಿಕೊಂಡೇ ಹೊರಡುತ್ತಾರೆ. ಯಾರ ನೆಲದಲ್ಲಿ ಮನೆ ಮಾಡಲಿದ್ದೇವೆ ಎಂದು ವಿಚಾರಿಸುವವರು ಕಡಿಮೆ. ಅಲ್ಲಿ ಪ್ರತಿವರ್ಷ ಫೆಬ್ರವರಿ 6 ರಜಾದಿನ. ಈ ರಜೆ ಏಕೆಂದು ಒಮ್ಮೆ ಕೇಳಿದರೆ ಸಾಕು, ಚರಿತ್ರೆಯ ಬಾಗಿಲು ತೆರೆಯುತ್ತದೆ.

ಆ ದ್ವೀಪಗಳಿಗೆ ಮೊದಲು ಬಂದವರು ಮಾವೋರಿ ಜನ. ಶಾಂತಸಾಗರದ ಬೇರೆ ದ್ವೀಪಗಳಿಂದ ದೋಣಿಗಳಲ್ಲಿ ಬಂದು ನೆಲೆಸಿದವರು. 1840ರಲ್ಲಿ ವಿಕ್ಟೋರಿಯಾ ರಾಣಿಯ ಪರವಾಗಿ ವಿಲಿಯಂ ಹಾಬ್ಸನ್ ಎಂಬ ಅಧಿಕಾರಿ ಒಂದು ಒಪ್ಪಂದ ತಂದ. ಪಾದ್ರಿ ಹೆನ್ರಿ ವಿಲಿಯಮ್ಸ್ ಮತ್ತು ಅವನ ಮಗ ಎಡ್ವರ್ಡ್ ಒಂದೇ ರಾತ್ರಿಯಲ್ಲಿ ಅದನ್ನು ಮಾವೋರಿಗೆ ಅನುವಾದಿಸಿದರು. ಫೆಬ್ರವರಿ 6ರಂದು ವೈಟಾಂಗಿ ಎಂಬಲ್ಲಿ ಸಹಿ ಶುರುವಾಯಿತು. ಮುಂದಿನ ತಿಂಗಳುಗಳಲ್ಲಿ ಸಹಿ ಹಾಕಿದ ಮುಖಂಡರು 500ಕ್ಕೂ ಹೆಚ್ಚು. ಅವರಲ್ಲಿ ಇಂಗ್ಲಿಷ್ ಪ್ರತಿಗೆ ಸಹಿ ಮಾಡಿದವರು 39 ಮಂದಿ ಮಾತ್ರ. ಉಳಿದವರೆಲ್ಲ ಮಾವೋರಿ ಪ್ರತಿಗೆ.

ಇಲ್ಲಿಯೇ ತೊಡಕು. ಇಂಗ್ಲಿಷ್ ಪ್ರತಿಯ ಪ್ರಕಾರ ಮುಖಂಡರು ಸಾರ್ವಭೌಮತ್ವವನ್ನೇ ರಾಣಿಗೆ ಒಪ್ಪಿಸಿದರು. ಮಾವೋರಿ ಪ್ರತಿಯಲ್ಲಿದ್ದ ಮಾತು ‘ಕಾವನತಂಗ’. ಗವರ್ನರ್ ಎಂಬ ಪದದಿಂದ ಹುಟ್ಟಿಸಿದ ಶಬ್ದ, ಆಡಳಿತ ನೋಡಿಕೊಳ್ಳುವುದು ಎಂದರ್ಥ. ಅದೇ ಪ್ರತಿಯ ಎರಡನೆಯ ಕಲಮು ನೆಲ, ಊರು ಮತ್ತು ‘ತಾವೊಂಗ’, ಅಂದರೆ ಅಮೂಲ್ಯ ಸೊತ್ತುಗಳ ಮೇಲೆ ಮುಖಂಡರ ಪೂರ್ಣಾಧಿಕಾರ ಉಳಿಯುತ್ತದೆಂದು ಹೇಳಿತ್ತು. ಹೊಲದ ಮೇಲ್ವಿಚಾರಣೆಗೆ ಒಬ್ಬನನ್ನು ಒಪ್ಪಿಕೊಂಡದ್ದು ಒಬ್ಬರ ಕಾಗದ. ಹೊಲವೇ ನನ್ನ ಅಧೀನ ಎಂದದ್ದು ಇನ್ನೊಬ್ಬರ ಕಾಗದ.

ಮುಂದೆ ಯುದ್ಧಗಳಾದವು. 1863ರ ಕಾಯ್ದೆಯ ಬಲದಿಂದ ವೈಕಾಟೊ ಪ್ರದೇಶವೊಂದರಲ್ಲೇ ಸುಮಾರು 12 ಲಕ್ಷ ಎಕರೆ ಮುಟ್ಟುಗೋಲಾಯಿತು. 1867ರ ಕಾನೂನು ಮಾವೋರಿ ಮಕ್ಕಳ ಶಾಲೆಗಳಿಗೆ ಇಂಗ್ಲಿಷನ್ನು ತಂದಿತು. ಮನೆಮಾತು ಆಡಿದ್ದಕ್ಕೆ ಪೆಟ್ಟು ತಿಂದ ಮಕ್ಕಳು, ದೊಡ್ಡವರಾದ ಮೇಲೆ ತಮ್ಮ ಮಕ್ಕಳೊಡನೆ ಆ ಮಾತನ್ನೇ ಆಡಲು ಹಿಂಜರಿದರು. ಭಾಷೆ ಸೊರಗುವುದು ಹೀಗೆ, ಒಂದೊಂದೇ ಮನೆಯಲ್ಲಿ, ಸದ್ದಿಲ್ಲದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1972ರಲ್ಲಿ 30,000ಕ್ಕೂ ಹೆಚ್ಚು ಸಹಿಗಳ ಅರ್ಜಿ ಪಾರ್ಲಿಮೆಂಟಿಗೆ ಹೋಯಿತು. ಶಾಲೆಯಲ್ಲಿ ನಮ್ಮ ಭಾಷೆ ಕಲಿಸಿ ಎಂಬುದೇ ಬೇಡಿಕೆ. 1975ರಲ್ಲಿ ಸುಮಾರು 80 ವರ್ಷದ ಅಜ್ಜಿ ವಿನಾ ಕೂಪರ್ ಮುಂದಾಳತ್ವದಲ್ಲಿ ಜನ ನೆಲದ ಹಕ್ಕಿಗಾಗಿ ಉತ್ತರದ ತುದಿಯಿಂದ ರಾಜಧಾನಿಗೆ ಮೆರವಣಿಗೆ ನಡೆದರು. ಅದೇ ವರ್ಷ ಒಪ್ಪಂದದ ದೂರುಗಳನ್ನು ಕೇಳಲು ನ್ಯಾಯಮಂಡಳಿಗೆ ಕಾಯ್ದೆಯಾಯಿತು. 1982ರಲ್ಲಿ ಅಜ್ಜಿಯರು ಎಳೆಯರಿಗೆ ಮಾತು ಕಲಿಸುವ ‘ಕೊಹಾಂಗ ರೆಯೊ’ ಶಿಶುವಿಹಾರ ಆರಂಭವಾಯಿತು. ಹಾಗೆಂದರೆ ಭಾಷೆಯ ಗೂಡು.

ಆಮೇಲೆ ಆದದ್ದನ್ನು ಗಮನಿಸಿ. ಆ ಹಳೆಯ ಕಾಗದದ ‘ತಾವೊಂಗ’ ಎಂಬ ಶಬ್ದದಲ್ಲಿ ಭಾಷೆಯೂ ಸೇರುತ್ತದೆ, ಅದನ್ನು ಕಾಪಾಡುವುದು ಸರ್ಕಾರದ ಹೊಣೆ ಎಂದು ನ್ಯಾಯಮಂಡಳಿ 1986ರಲ್ಲಿ ಹೇಳಿತು. 1987ರಲ್ಲಿ ಮಾವೋರಿ ಅಧಿಕೃತ ಭಾಷೆಯಾಯಿತು. ಒಂದು ಪದದ ವ್ಯತ್ಯಾಸದಿಂದ ಕಳೆದುಕೊಂಡವರಿಗೆ, ತಮ್ಮ ಪ್ರತಿಯಲ್ಲಿ ಉಳಿದಿದ್ದ ಇನ್ನೊಂದು ಪದವೇ ಆಸರೆಯಾಯಿತು.

ಆದ್ದರಿಂದ ನಿಮ್ಮ ಮನೆಯ ಮಗನೋ ಮಗಳೋ ಆ ದೇಶದಲ್ಲಿದ್ದರೆ ಫೋನಿನಲ್ಲಿ ಊಟ, ಆರೋಗ್ಯ ಕೇಳಿದ ಮೇಲೆ ಇದನ್ನೂ ಕೇಳಿ: ‘ನೀನಿರುವ ಊರಿನ ಹಳೆಯ ಹೆಸರೇನು? ಅದರ ಅರ್ಥವೇನು?’ ನಮ್ಮ ಊರಿನ ಹೆಸರನ್ನು ಬೇರೆಯವರು ತಪ್ಪಾಗಿ ಬರೆದಾಗ ನಮಗಾಗುವ ನೋವು ನಮಗೆ ಗೊತ್ತು. ಅದನ್ನು ಬಲ್ಲವರು ಇನ್ನೊಬ್ಬರ ನೆಲದಲ್ಲಿ ಮೊದಲಿಗರ ಮಾತಿಗೆ ಕಿವುಡಾಗಬಾರದು. ಅಲ್ಲಿ ನಮಸ್ಕಾರಕ್ಕೆ ‘ಕಿಯಾ ಓರಾ’ ಎನ್ನುತ್ತಾರೆ. ಚೆನ್ನಾಗಿ ಬಾಳಿರಿ ಎಂದು ಅದರ ಅರ್ಥ.

ನಿಮಗೂ ಅದೇ ಹಾರೈಕೆ.