ಮೂಗಿನ ಶಸ್ತ್ರಚಿಕಿತ್ಸೆಯ ಫಲಿತಾಂಶ ಮತ್ತು ರೋಗಿಗಳ ಪ್ರಶ್ನಾವಳಿ: ಕೊಡಗು ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಮೂಗಿನ ನಡುಗೋಡೆಯ ಡೊಂಕು ಅಥವಾ ಸೈನಸ್ ತೊಂದರೆಗಾಗಿ ಶಸ್ತ್ರಚಿಕಿತ್ಸೆ ಪಡೆಯುವವರಿಂದ ಚಿಕಿತ್ಸೆಗೆ ಮುನ್ನ ಹಾಗೂ ನಂತರ ಪ್ರಶ್ನಾವಳಿ ಭರ್ತಿ ಮಾಡಿಸುವ ಕ್ರಮವು ವೈದ್ಯಕೀಯ ಕ್ಷೇತ್ರದಲ್ಲಿ ರೂಢಿಯಲ್ಲಿದೆ. ನಡುಗೋಡೆ ನೇರವಾಗಿರುವುದನ್ನು ವೈದ್ಯರು ಪರೀಕ್ಷಿಸಿ ತಿಳಿಯಬಹುದು. ಉಸಿರಾಟ ಸರಾಗವಾಯಿತೇ ಎಂಬುದನ್ನು ರೋಗಿಯೇ ತಿಳಿಸಬೇಕು. ಗಾಳಿಯ ಹರಿವನ್ನು ಅಳೆಯುವ ಉಪಕರಣದ ಫಲಿತಾಂಶವೂ ರೋಗಿಯ ಅನುಭವವೂ ಅನೇಕ ವೇಳೆ ತಾಳೆಯಾಗುವುದಿಲ್ಲ.

ಪ್ರಮುಖ ಪ್ರಶ್ನಾವಳಿಗಳು

1. ನೋಸ್ ಮಾಪನ: 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಮೂಗು ಬಿಗಿತ, ಮೂಗು ಕಟ್ಟುವಿಕೆ, ಮೂಗಿನಿಂದ ಉಸಿರಾಡುವ ತೊಂದರೆ, ನಿದ್ರೆಯ ತೊಂದರೆ, ಶ್ರಮದ ವೇಳೆ ಮೂಗಿನ ಮೂಲಕ ಸಾಕಷ್ಟು ಗಾಳಿ ದೊರೆಯದಿರುವುದು ಎಂಬ 5 ಅಂಶಗಳಿಗೆ ಹಿಂದಿನ 1 ತಿಂಗಳ ಅನುಭವದಂತೆ 0ಯಿಂದ 4ರವರೆಗೆ ಅಂಕ ನೀಡತಕ್ಕದ್ದು. ಮೊತ್ತವನ್ನು 5ರಿಂದ ಗುಣಿಸಲಾಗುತ್ತದೆ.

2. ಸ್ನಾಟ್-22: ದೀರ್ಘಕಾಲದ ಸೈನಸ್ ಉರಿಯೂತಕ್ಕೆ ಸಂಬಂಧಿಸಿದ 22 ಪ್ರಶ್ನೆಗಳು. ಪ್ರತಿಯೊಂದಕ್ಕೂ 0ಯಿಂದ 5 ಅಂಕ, ಗರಿಷ್ಠ 110. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಂತೆ ಸುಮಾರು 9 ಅಂಕಗಳ ಇಳಿಕೆಯು ರೋಗಿಯ ಅರಿವಿಗೆ ಬರುವ ಸುಧಾರಣೆಯಾಗಿರುತ್ತದೆ.

ಎರಡರಲ್ಲಿಯೂ ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು ಎಂದು ತಿಳಿಯತಕ್ಕದ್ದು.

ಉದಾಹರಣೆ: ನೋಸ್ ಮಾಪನದಲ್ಲಿ ಚಿಕಿತ್ಸೆಗೆ ಮುನ್ನ 3, 4, 3, 3, 2 (ಮೊತ್ತ 15) ನೀಡಿದವರ ಅಂಕ 75. ನಂತರ ಮೊತ್ತ 4 ಆದಲ್ಲಿ ಅಂಕ 20. ಇಳಿಕೆ 55.

ಭರ್ತಿ ಮಾಡುವಾಗ ಗಮನಿಸಬೇಕಾದ ಅಂಶಗಳು

ಅ) ಮುನ್ನ ಭರ್ತಿ ಮಾಡದಿದ್ದಲ್ಲಿ ನಂತರದ ಅಂಕವನ್ನು ಹೋಲಿಸಲು ಆಧಾರವಿರುವುದಿಲ್ಲ. ಎರಡೂ ಬಾರಿ ಒಂದೇ ಪ್ರಶ್ನಾವಳಿಯನ್ನು ಬಳಸತಕ್ಕದ್ದು.

ಆ) ಕೊಡಗಿನ ಮಳೆಗಾಲದಲ್ಲಿ ನೆಗಡಿಯಿಂದಲೂ ಮೂಗು ಕಟ್ಟಬಹುದು. ಜುಲೈನ ಅಂಕವನ್ನು ಫೆಬ್ರವರಿಯ ಅಂಕದೊಂದಿಗೆ ಹೋಲಿಸುವಾಗ ವ್ಯತ್ಯಾಸವೆಲ್ಲವೂ ಶಸ್ತ್ರಚಿಕಿತ್ಸೆಯದೆಂದು ಭಾವಿಸಲಾಗದು. ಆದ್ದರಿಂದ ದಿನಾಂಕವನ್ನೂ ನೆಗಡಿ ಇದ್ದಲ್ಲಿ ಅದನ್ನೂ ನಮೂದಿಸುವುದು.

ಇ) ಓದಲು ಬಾರದವರಿಗೆ ಹಾಗೂ ಕೊಡವ, ಅರೆಭಾಷೆ, ಎರವ, ಮಲಯಾಳ ಮುಂತಾದ ಮನೆಮಾತಿನವರಿಗೆ ಇತರರು ಪ್ರಶ್ನೆಗಳನ್ನು ಓದಿ ತಿಳಿಸಬಹುದು. ಉತ್ತರ ಮಾತ್ರ ರೋಗಿಯದೇ ಆಗಿರತಕ್ಕದ್ದು.

ಈ) ವೈದ್ಯರಿಗೆ ಬೇಸರವಾದೀತೆಂಬ ಸಂಕೋಚದಿಂದ ಅಂಕ ಕಡಿಮೆ ಮಾಡಬಾರದು. ಹಾಗೆ ಮಾಡಿದಲ್ಲಿ ಉಳಿದಿರುವ ತೊಂದರೆ ಗಮನಕ್ಕೆ ಬಾರದೆ ಹೋಗುವ ಸಂಭವವಿರುತ್ತದೆ.

ಅಂಕವೊಂದರಿಂದಲೇ ಶಸ್ತ್ರಚಿಕಿತ್ಸೆ ನಿರ್ಧಾರವಾಗುವುದಿಲ್ಲ. ವೈದ್ಯರ ಪರೀಕ್ಷೆ ಅವಶ್ಯ. ರಕ್ತಸ್ರಾವ, ಜ್ವರ ಅಥವಾ ತೀವ್ರ ನೋವು ಕಂಡುಬಂದಲ್ಲಿ ಮುಂದಿನ ಭೇಟಿಯವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ತೆರಳತಕ್ಕದ್ದು. ಹೆಚ್ಚಿನ ವಿವರಗಳಿಗೆ, 2016ರಲ್ಲಿ ಆರಂಭವಾದ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗದ ವೈದ್ಯರನ್ನು ಸಂಪರ್ಕಿಸಬಹುದಾಗಿದೆ.